ಸಾಲ್ಮನ್ ಕೋಲಿನ ಬಾಳಿಕೆ ಇರುವುದು ಸಂದಿನಲ್ಲಿ

ಬರುವ ಏಪ್ರಿಲ್‌ನಲ್ಲಿ ಸ್ಕಾಟ್ಲೆಂಡಿಗೆ ಹೊರಟಿರುವ ಮಂಗಳೂರಿನ ಇಬ್ಬರು ಗೆಳೆಯರು, ಸಾಲ್ಮನ್ ಮೀನು ಹಿಡಿಯಲು ಎರಡು ಕೈಯಲ್ಲಿ ಬೀಸುವ ಉದ್ದ ಗಾಳದ ಕೋಲುಗಳಲ್ಲಿ ಹೆಚ್ಚು ಬಾಳಿಕೆ ಬರುವುದು ಯಾವುದೆಂದು ಕೇಳಿದ್ದಾರೆ. ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಕೆಲಸದಲ್ಲಿದ್ದ ವರ್ಷಗಳಲ್ಲಿ ರಜೆ ಸಿಕ್ಕಾಗಲೆಲ್ಲ ಸ್ಪೇ ನದಿಗೆ ಹೋಗುತ್ತಿದ್ದವನು ನಾನು. ಈಗ ಕೆಮ್ಮಣ್ಣಿನಲ್ಲಿ ಸುವರ್ಣಾ ನದಿಯ ದಂಡೆಯ ಮೇಲೆ ಅದೇ ಕೋಲುಗಳನ್ನು ಬೀಸುತ್ತಿದ್ದೇನೆ. ಫೋನಿನಲ್ಲಿ ಎರಡು ಮಾತು ಹೇಳಿ ಮುಗಿಸುವ ವಿಷಯ ಇದಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಈ ಕೋಲುಗಳನ್ನು ಬೀಸುವ ಸ್ಪೇ ಬೀಸು ಎಂಬ ರೀತಿ ಹುಟ್ಟಿದ್ದೇ ಜಾಗದ ಇಕ್ಕಟ್ಟಿನಿಂದ. ಸ್ಪೇ ನದಿಯ ದಂಡೆಯಲ್ಲಿ ಬೆನ್ನ ಹಿಂದೆಯೇ ಮರಗಳು ಎದ್ದು ನಿಂತಿರುವುದರಿಂದ ದಾರವನ್ನು ಹಿಂದಕ್ಕೆ ಪೂರ್ತಿ ಎಸೆಯುವಂತಿಲ್ಲ. ಆದ್ದರಿಂದ ದಾರದ ತುದಿಯನ್ನು ಕ್ಷಣಕಾಲ ನೀರಿಗೆ ತಾಗಿಸಿ, ಉಳಿದದ್ದನ್ನು ಹೆಗಲ ಪಕ್ಕದಲ್ಲಿ ಬಿಲ್ಲಿನಂತೆ ಬಾಗಿಸಿ, ಅಲ್ಲಿಂದಲೇ ಮುಂದಕ್ಕೆ ಚಿಮ್ಮಿಸಬೇಕು. ನಮ್ಮ ಸುವರ್ಣೆಯ ದಂಡೆಯಲ್ಲಿ ತೆಂಗಿನ ಸಾಲು ಇದೇ ಕಾರಣಕ್ಕೆ ನನಗೆ ಈ ಬೀಸನ್ನು ಮರೆಯಲು ಬಿಟ್ಟಿಲ್ಲ. ಗಮನಿಸಬೇಕಾದದ್ದು ಏನೆಂದರೆ, ತಲೆಯ ಮೇಲಿಂದ ನೇರವಾಗಿ ಬೀಸುವಾಗ ಕೋಲು ಹಿಂದೆ ಮುಂದೆ ಬಾಗುತ್ತದೆ ಅಷ್ಟೆ. ಸ್ಪೇ ಬೀಸಿನಲ್ಲಿ ಕೆಳಹರಿವಿನಿಂದ ಎತ್ತಿದ ದಾರ ದಿಕ್ಕು ಬದಲಿಸಿ ಅಡ್ಡಕ್ಕೆ ಹೋಗುವುದರಿಂದ ಕೋಲು ಬಾಗುವುದರ ಜೊತೆಗೆ ತಿರುಚಿಕೊಳ್ಳುತ್ತದೆ. ದಿನಕ್ಕೆ ನೂರಾರು ಸಲ ನಡೆಯುವ ಆ ತಿರುಚು ನೇರವಾಗಿ ಸಂದುಗಳಿಗೆ, ಅಂದರೆ ಕೋಲಿನ ತುಂಡುಗಳು ಒಂದಕ್ಕೊಂದು ಕೂಡುವ ಜಾಗಗಳಿಗೆ, ಹೋಗಿ ಕೂರುತ್ತದೆ.

ಹಳಬರು ಇದನ್ನು ಚೆನ್ನಾಗಿ ಅರಿತಿದ್ದರು. ಇನ್ವರ್ನೆಸ್‌ನ ಅಲೆಗ್ಸಾಂಡರ್ ಗ್ರಾಂಟ್ 1894ರಲ್ಲಿ ಪೇಟೆಂಟ್ ಪಡೆದ ಗ್ರೀನ್‌ಹಾರ್ಟ್ ಮರದ ಕೋಲಿನಲ್ಲಿ ಲೋಹದ ಸಂದೇ ಇರಲಿಲ್ಲ. ಓರೆಯಾಗಿ ಕೆತ್ತಿದ ಎರಡು ತುದಿಗಳನ್ನು ಒಂದರ ಮೇಲೊಂದು ಕೂರಿಸಿ ಬಿಗಿಯಾಗಿ ಸುತ್ತಿ ಕಟ್ಟುತ್ತಿದ್ದರು. ಹಾಗೆ ಕಟ್ಟಿದ್ದು ತಿರುಗಿ ಸಡಿಲಾಗುವುದಿಲ್ಲ. ಮರದ ಕೋಲು ಇಂದಿನವರ ಕೈಗೆ ತೀರ ಭಾರ ಎಂಬುದು ನಿಜ. ಆದರೂ ಸಂದಿನ ವಿಷಯದಲ್ಲಿ ಅಷ್ಟು ಪ್ರಾಮಾಣಿಕವಾದ ಪರಿಹಾರ ಮತ್ತೆ ಬರಲಿಲ್ಲವೆಂದೇ ನನ್ನ ಅಭಿಪ್ರಾಯ. ಮರದ ನಂತರ ಆರು ಸೀಳು ಬಿದಿರನ್ನು ಅಂಟಿಸಿದ ಕೋಲು, ಅದರ ನಂತರ ಗ್ಲಾಸ್ ಫೈಬರ್, 1970ರ ದಶಕದಿಂದ ಕಾರ್ಬನ್ ಫೈಬರ್ ಬಂದವು. ಈಗ ನೀವು ಕೊಳ್ಳುವುದು ಕಾರ್ಬನ್ನೇ.

ಕಾರ್ಬನ್‌ನಲ್ಲಿಯೂ ಎಲ್ಲವೂ ಒಂದೇ ಅಲ್ಲ. ಎಳೆ ಗಡುಸಾದಷ್ಟೂ ಕೋಲಿನ ಗೋಡೆಯನ್ನು ತೆಳುವಾಗಿಸಬಹುದು. ಆಗ ಕೋಲು ಹಗುರವಾಗುತ್ತದೆ, ಅಂಗಡಿಯಲ್ಲಿ ಅಲ್ಲಾಡಿಸಿ ನೋಡಿದವರಿಗೆ ಬಹಳ ಹಿಡಿಸುತ್ತದೆ. ಆದರೆ ಅಂಥ ಗೋಡೆ ಪೆಟ್ಟು ತಾಳುವುದಿಲ್ಲ. ದಾರದ ತುದಿಗೆ ಕಟ್ಟುವ ಹಿತ್ತಾಳೆ ಕೊಳವೆಯ ಭಾರದ ಫ್ಲೈ (ಕೃತಕ ಆಮಿಷದ ಗಾಳ) ಗಾಳಿಗೆ ವಾಲಿ ಕೋಲಿಗೆ ಬಡಿದರೆ ಉಗುರಿನ ಗೀರಿನಷ್ಟು ಗಾಯವಾಗುತ್ತದೆ. ಅಂದು ಏನೂ ಆಗದೆ, ಮುಂದೊಂದು ದಿನ ಸಣ್ಣ ಮೀನನ್ನು ಎಳೆಯುವಾಗ ಅಲ್ಲಿಯೇ ಮುರಿಯುತ್ತದೆ. ಮಧ್ಯಮ ಗಡುಸಿನ, ಹಿಡಿಯ ಹತ್ತಿರದವರೆಗೂ ಬಾಗುವ ಕೋಲಿಗೆ ಈ ಭಯ ಕಡಿಮೆ. ನನ್ನಲ್ಲಿರುವ 14 ಅಡಿಯ ಅಂಥದೊಂದನ್ನು ನೆರೆಮನೆಯ ದೋಣಿಯ ಅಣ್ಣ ಒಮ್ಮೆ ಕೈಯಲ್ಲಿ ಹಿಡಿದು ಬಾಗಿಸಿ, "ಇದು ಒಳ್ಳೆ ಬಿದಿರಿನ ಹಾಗೆ ಬಗ್ಗುತ್ತದೆ ಮಾರ್ರೆ" ಎಂದಿದ್ದರು. ನಾನು ಹೇಳಬೇಕೆಂದಿರುವ ಗುಣ ಅದೇ.

ನನ್ನ 15 ಅಡಿಯ ದುಬಾರಿ ಕೋಲು ಸ್ಪೇ ದಂಡೆಯ ಊರಾದ ಗ್ರ್ಯಾಂಟೌನ್ ಬಳಿ ಮುರಿಯಿತು. ಸೊಂಟದವರೆಗಿನ ನೀರಿನಲ್ಲಿ ನಿಂತು ಬೆಳಗ್ಗಿನಿಂದ ಬೀಸುತ್ತಿದ್ದೆ. ಪ್ರತಿ ಬೀಸಿನ ಕೊನೆಗೆ ಅಂಗೈಗೆ ಸಣ್ಣದೊಂದು ತಾಕು ತಿಳಿಯುತ್ತಿತ್ತು. ಮೇಲೆ ನೋಡಿದ್ದರೆ ದಾರ ಹಾಯುವ ತುದಿಯ ಉಂಗುರಗಳು ಕೆಳಗಿನವುಗಳ ಸಾಲಿನಿಂದ ಪಕ್ಕಕ್ಕೆ ಸರಿದಿರುವುದು ಕಾಣುತ್ತಿತ್ತು. ನಾನು ನೋಡಲಿಲ್ಲ. ಮುರಿದ ಮೇಲೆ ನೋಡಿದಾಗ ಮೇಲಿನ ತುಂಡಿನ ಬಾಯಿ ಉದ್ದಕ್ಕೆ ಸೀಳಿ, ಕಪ್ಪು ಎಳೆಗಳು ಅಡಿಕೆ ಸಿಪ್ಪೆಯ ನಾರಿನಂತೆ ಹೊರಗೆ ಚಾಚಿದ್ದವು. ಸಂದು ಅರ್ಧ ಕಳಚಿದ್ದರಿಂದ ಇಡೀ ಭಾರ ಬಾಯಿಯ ಅಂಚಿನ ಮೇಲೆ ಬಿದ್ದಿತ್ತು. ಸ್ಕಾಟ್ಲೆಂಡಿನಲ್ಲಿ ಭಾನುವಾರ ಸಾಲ್ಮನ್ ಹಿಡಿಯುವಂತಿಲ್ಲ, ವಾರವೆಂದರೆ ಆರೇ ದಿನ; ಅದು ಮಂಗಳವಾರ. ಆಜೀವ ಗ್ಯಾರಂಟಿಯಿದ್ದ ಆ ಕೋಲಿಗೆ ಹೊಸ ತುಂಡು ಬಂದದ್ದು ಎರಡು ತಿಂಗಳ ನಂತರ. ಗ್ಯಾರಂಟಿಯನ್ನು ಬಾಳಿಕೆಯೆಂದು ಭಾವಿಸಬೇಡಿ ಎಂದು ಒತ್ತಿ ಹೇಳುವುದು ಇದೇ ಅನುಭವದಿಂದ.

ಸಂದುಗಳಲ್ಲಿ ಎರಡು ಬಗೆ. ಮೇಲಿನ ತುಂಡಿನ ಬಾಯಿ ಕೆಳಗಿನದರ ತುದಿಯನ್ನು ಟೋಪಿಯಂತೆ ಮುಚ್ಚುವುದು ಒಂದು; ಹೆಚ್ಚಿನ ಹೊಸ ಕೋಲುಗಳು ಹೀಗಿವೆ. ಕೆಳಗಿನ ತುಂಡಿನೊಳಗೆ ಕೂರಿಸಿದ ಬೆಣೆಯ ಮೇಲೆ ಮೇಲಿನದು ಇಳಿಯುವುದು ಇನ್ನೊಂದು. ಇದಕ್ಕೆ ಸ್ಪಿಗಟ್ ಎನ್ನುತ್ತಾರೆ. ಸ್ಪಿಗಟ್‌ನಲ್ಲಿ ಜೋಡಿಸಿದ ಮೇಲೂ ಎರಡು ತುಂಡುಗಳ ನಡುವೆ ಕೆಲವು ಮಿಲಿಮೀಟರ್ ಅಂತರ ಬಿಟ್ಟಿರುತ್ತಾರೆ. ಅದು ದೋಷವಲ್ಲ, ಸವೆತಕ್ಕೆಂದು ಇಟ್ಟ ಮೀಸಲು. ಬೆಣೆ ಸವೆದಂತೆ ಮೇಲಿನ ತುಂಡು ಸ್ವಲ್ಪ ಸ್ವಲ್ಪವೇ ಕೆಳಗಿಳಿದು ಮತ್ತೆ ಬಿಗಿಯಾಗುತ್ತದೆ. ನನ್ನ ಆಯ್ಕೆ ಇದು. ಯಾವ ಬಗೆಯಾದರೂ ಸಂದಿಗೆ ಚೂರು ಮೇಣ ಸವರಿ, ಮೇಲೆ ಎಲೆಕ್ಟ್ರಿಷಿಯನ್ನರ ಇನ್ಸುಲೇಷನ್ ಟೇಪನ್ನು ಓರೆಯಾಗಿ ಸುತ್ತಿಯೇ ನೀರಿಗಿಳಿಯಬೇಕು.

ನಮ್ಮೂರಿಗೆ ತಂದ ಮೇಲೆ ಬೇರೆ ಶತ್ರುಗಳು. ಅಳಿವೆಯ ಉಪ್ಪು ನೀರು ಉಂಗುರಗಳ ಬುಡವನ್ನು ತಿನ್ನುತ್ತದೆ. ಒದ್ದೆ ಕೋಲನ್ನು ಕೊಳವೆಯಲ್ಲಿ ಮುಚ್ಚಿಟ್ಟರೆ ಜುಲೈ ಮುಗಿಯುವುದರೊಳಗೆ ಕಾರ್ಕ್ ಹಿಡಿಗೆ ಬೂಷ್ಟು ಹಿಡಿದು ವಾರ್ನಿಷ್ ಗುಳ್ಳೆಯೇಳುತ್ತದೆ. ಕಾರ್ಬನ್ ವಿದ್ಯುತ್ ವಾಹಕ ಎಂಬುದನ್ನು ಮರೆಯಲೇಬಾರದು. ಗುಡುಗು ಕೇಳಿದ ಕೂಡಲೇ ಕೋಲನ್ನು ಕೆಳಗಿಟ್ಟು ದಡ ಬಿಡಿ. ತೋಟದ ಮೇಲೆ ಹಾದ ಕರೆಂಟಿನ ತಂತಿಯ ಕೆಳಗೆ ಎಂದೂ ಬೀಸಬೇಡಿ.

ಗೆಳೆಯರಿಗೆ ಹೇಳುವುದಿಷ್ಟು: 14 ಅಡಿಯ, ಮಧ್ಯಮ ಗಡುಸಿನ, ಸ್ಪಿಗಟ್ ಸಂದಿನ ಕೋಲು ಅಲ್ಲಿಯೇ ಸೆಕೆಂಡ್‌ಹ್ಯಾಂಡ್ ಸಿಕ್ಕಿದರೂ ಸಾಕು. ಕೊಳ್ಳುವ ಮೊದಲು ಜೋಡಿಸಿ ಬೆಳಕಿಗೆ ಹಿಡಿದು ಪ್ರತಿ ಸಂದಿನ ಅಂತರವನ್ನು ನೋಡಿ. ಅದು ಪೂರ್ತಿ ಮುಚ್ಚಿಹೋಗಿದ್ದರೆ, ಬೆಲೆ ಎಷ್ಟೇ ಕಡಿಮೆಯಿರಲಿ, ಆ ಕೋಲನ್ನು ಅಲ್ಲೇ ಬಿಟ್ಟು ಬನ್ನಿ.