ರಾಕ್ಷಸನ ವೇಷ ಒಯ್ದರು, ವರ ಇಲ್ಲೇ ಬಿಟ್ಟರು

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂತ ಒಂದು ಆಟ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ದಾಳ ಎಸೆಯುತ್ತಾ ಕಥೆ ಕಟ್ಟುವುದು. ಅದರಲ್ಲಿ 'ರಾಕ್ಷಸ' ಅಂತಲೇ ಹೆಸರಿರುವ ಒಬ್ಬ ಇದ್ದಾನೆ. ಹುಲಿ ತಲೆ, ಸಾಹುಕಾರರ ನಿಲುವಂಗಿ, ಅಂಗೈ ತಿರುಗುಮುರುಗು. 1977ರ ಪುಸ್ತಕದ ಚಿತ್ರದಲ್ಲಿ ಆರಾಮಾಗಿ ಕೂತು ಪೈಪ್ ಸೇದುತ್ತಾನೆ. ನಮ್ಮ ಜಿಲ್ಲೆಯ ಕಾಡಂಚಿನ ಊರುಗಳಲ್ಲಿ ಹುಲಿಯಪ್ಪನಿಗೆ ಕಾಯಿ ಒಡೆಯುವವರು ಇದನ್ನು ನೋಡಿದರೆ ಏನಂದಾರೋ!

ಈ ಮಹಾನುಭಾವನ ಗುಣ ರಾಮಾಯಣದಿಂದ ಬಂದದ್ದಲ್ಲ. 1974ರಲ್ಲಿ ಅಮೆರಿಕದ ಟಿವಿಯಲ್ಲಿ ಬರುತ್ತಿದ್ದ 'ಕೊಲ್ಚಾಕ್' ಧಾರಾವಾಹಿಯ ಒಂದು ಕಂತಿನಿಂದ. ಅಲ್ಲಿನ ರಾಕ್ಷಸ ನೀವು ನಂಬಿದವರ ರೂಪದಲ್ಲೇ ಎದುರು ಬರುತ್ತಾನೆ. ಮಂತ್ರಿಸಿದ ಬಾಣ ಬಿದ್ದರೆ ಸಾಯುತ್ತಾನೆ. ಆಟ ಕಟ್ಟಿದವರಲ್ಲಿ ಒಬ್ಬರಾದ ಗ್ಯಾರಿ ಗೈಗಾಕ್ಸ್ ಎರಡನ್ನೂ ಎತ್ತಿ ಆಟಕ್ಕೆ ಹಾಕಿಕೊಂಡರು.

ಎತ್ತಿಕೊಂಡದ್ದಕ್ಕೆ ನನ್ನ ತಕರಾರಿಲ್ಲ. ಕಬ್ಬಿಣ ತಿನ್ನುವ ರಸ್ಟ್ ಮಾನ್‌ಸ್ಟರ್, ಗೂಬೆ ಮುಖದ ಕರಡಿ ಔಲ್‌ಬೇರ್, ಇವೆಲ್ಲ ಹುಟ್ಟಿದ್ದು ಹಾಂಗ್‌ಕಾಂಗ್‌ನ ಅಗ್ಗದ ಪ್ಲಾಸ್ಟಿಕ್ ಗೊಂಬೆ ನೋಡಿ. ಜಾತ್ರೆಯಲ್ಲಿ ಮಕ್ಕಳು ಹಟ ಹಿಡಿದು ಕೊಡಿಸಿಕೊಳ್ತಾವಲ್ಲ, ಅಂಥವು. ಬ್ಯಾಬಿಲೋನಿನ ಸಮುದ್ರದೇವಿ ಟಿಯಾಮತ್ ಐದು ತಲೆಯ ಡ್ರ್ಯಾಗನ್ ಆದಳು. ಜಪಾನಿನ ವಿಡಿಯೋ ಗೇಮ್ ಫೈನಲ್ ಫ್ಯಾಂಟಸಿಯಲ್ಲಿ 'ಶಿವ' ಅಂದರೆ ಹಿಮ ಎರಚುವ ಹೆಂಗಸು. ಗೋಕರ್ಣದಲ್ಲಿ ನಿಂತು ಜೋರಾಗಿ ಹೇಳಬೇಡಿ.

ಆದರೆ ಅವರು ಒಯ್ದದ್ದು ಬರೀ ವೇಷ. ವೇಷದ ವಿಷಯದಲ್ಲಿ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಯಲಾಟದಲ್ಲಿ ಬಣ್ಣದ ವೇಷ ಬರುವುದನ್ನು ನೋಡಿದ್ದೀರಲ್ಲ? ಮೊದಲು ಕತ್ತಲಲ್ಲಿ ಆರ್ಭಟ. ಆಮೇಲೆ ಇಬ್ಬರು ತೆರೆ ಹಿಡಿದು ನಿಲ್ಲುತ್ತಾರೆ. ತೆರೆಯ ಮೇಲೆ ಕಿರೀಟದ ತುದಿ ಕಂಡು ಮಾಯ. ಅಂಚಿನಲ್ಲಿ ನಾಲ್ಕು ಬೆರಳು. ದೊಂದಿಗೆ ರಾಳ ಎರಚಿದಾಗ ಭಗ್ ಅಂತ ಬೆಂಕಿ ಏಳುತ್ತದೆ, ಮುಖ ಇನ್ನೂ ಇಲ್ಲ. ಮಡಿಲ ಮಗು ಅಷ್ಟರಲ್ಲೇ ಅಳಲು ಶುರು. ಯಾವ ಗೇಮಿನ ಬಾಸ್, ಅಂದರೆ ಕೊನೆಗೆ ಎದುರಾಗುವ ದೊಡ್ಡ ಶತ್ರು ಕೂಡ ಇಷ್ಟು ಕಾಯಿಸಿ ಬರುವುದಿಲ್ಲ ಬಿಡಿ.

ಆದರೂ ನಮ್ಮ ಅಸುರರ ನಿಜವಾದ ಗಮ್ಮತ್ತು ಇರುವುದು ವರದಲ್ಲಿ. ವರ ಅಂದರೆ ಆಟದ ನಿಯಮವೇ ಅಲ್ವಾ? ಹಿರಣ್ಯಕಶಿಪು ಹಗಲಲ್ಲೂ ಸಾಯುವುದಿಲ್ಲ, ರಾತ್ರಿಯಲ್ಲೂ ಇಲ್ಲ, ಒಳಗೂ ಇಲ್ಲ, ಹೊರಗೂ ಇಲ್ಲ. ಸಂದು ಹುಡುಕಬೇಕು. ಡಂಜನ್ಸ್‌ನಲ್ಲಿ ಟ್ರೋಲ್ ಅನ್ನುವ ದೈತ್ಯ ಪ್ರಾಣಿ ಗಾಯ ತಾನೇ ಮಾಯಿಸಿಕೊಳ್ಳುತ್ತದೆ, ಬೆಂಕಿ ಹಚ್ಚಿದರೆ ಮುಗೀತು. ರಕ್ತಬೀಜನ ಮುಂದೆ ಅದು ಪಾಪದ ಪ್ರಾಣಿ. ಹೊಡೆದಷ್ಟೂ ಎದುರಾಳಿಯ ಪಾಯಿಂಟ್ ಇಳಿಯುವುದು ಆಟದ ಲೆಕ್ಕ. ಇಲ್ಲಿ ಹೊಡೆದಷ್ಟೂ ಅವನೇ ಜಾಸ್ತಿ ಆಗುತ್ತಾನೆ, ನೆಲಕ್ಕೆ ಬಿದ್ದ ಹನಿಗೊಬ್ಬ.

ಹಾಗಾಗಿ ಮನೆ ಆಟಕ್ಕೆ ಭಸ್ಮಾಸುರನನ್ನು ತಂದೆ. ಜಾಗ ಯಾಣ, ಮತ್ತೆಲ್ಲಿ? 120 ಮೀಟರ್‌ನ ಭೈರವೇಶ್ವರ ಶಿಖರ, ಪಕ್ಕದಲ್ಲಿ 90 ಮೀಟರ್‌ನ ಮೋಹಿನಿ ಶಿಖರ. ಅಲ್ಲಿನ ಕಪ್ಪು ಮಣ್ಣು ಅವನದೇ ಬೂದಿ ಅಂತ ಊರವರ ನಂಬಿಕೆ. ನಿಯಮ ಒಂದೇ: ಅವನು ತಲೆ ಮುಟ್ಟಿದರೆ ಬೂದಿ, ದಾಳ ಎಸೆದು ತಪ್ಪಿಸಿಕೊಳ್ಳುವಂತಿಲ್ಲ. ಆಡುವವರು ಮೋಹಿನಿಯ ಹಾಗೆ ಕುಣಿಸಿ ಅವನ ಕೈ ಅವನ ತಲೆಗೇ ಬರುವ ಹಾಗೆ ಮಾಡುತ್ತಾರೆ ಅಂದುಕೊಂಡಿದ್ದೆ. ಅಕ್ಕನ ಮಗ ಕೇಳಿದ, "ಮಾವ, ನಾನು ಹೆಲ್ಮೆಟ್ ಹಾಕಿದ್ದೇನೆ. ಹೆಲ್ಮೆಟ್ ಮುಟ್ಟಿದರೆ ತಲೆ ಮುಟ್ಟಿದ ಲೆಕ್ಕವಾ?"

ಆಟ ಅಲ್ಲೇ ನಿಂತಿದೆ. ತಾಳಮದ್ದಳೆಯ ಅರ್ಥಧಾರಿಗಳು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ತೀರ್ಪು ಕೊಡಿ.