ಒದ್ದೆ ಕೂದಲಿನ ಒಪ್ಪಂದ

ಕೂದಲು ಕತ್ತರಿಸುವವರ ಕುರ್ಚಿಯಲ್ಲಿ ಕುಳಿತ ಕೂಡಲೇ ಕನ್ನಡಕ ಕಳಚಬೇಕು. ಆಮೇಲೆ ಕೊರಳ ಸುತ್ತ ಕರಿಬಟ್ಟೆ ಬಿಗಿಯುತ್ತಾರೆ, ಎರಡೂ ಕೈ ಅದರೊಳಗೆ ಸೆರೆಯಾಗುತ್ತವೆ. ಹೀಗೆ ಕಣ್ಣು ಕಾಣದ, ಕೈಯಾಡದ ಸ್ಥಿತಿಗೆ ನನ್ನನ್ನು ತಂದ ಮೇಲೆಯೇ ಪ್ರಶ್ನೆ ಬರುವುದು. “ಮೊದಲ ಲೇಯರ್ ಎಲ್ಲಿಂದ ಶುರು ಮಾಡಲಿ ಮೇಡಂ, ಗದ್ದದಿಂದಲೋ ಭುಜದಿಂದಲೋ?” ಕನ್ನಡಿಯಲ್ಲಿ ನನಗೆ ಕಾಣುವುದು ಒಂದು ಕಂದು ಮಸುಕು, ಅದರ ಮೇಲೊಂದು ಕಪ್ಪು ಮಸುಕು. ಅದರಲ್ಲಿ ಗದ್ದ ಎಲ್ಲಿ ಮುಗಿದು ಭುಜ ಎಲ್ಲಿ ಶುರುವಾಗುತ್ತದೆಂದು ಬಲ್ಲವರು ಹೇಳಬೇಕು. “ನಿಮಗೆ ಯಾವುದು ಸರಿ ಅನ್ನಿಸುತ್ತದೋ ಅದು” ಎಂದರೆ ಅವರಿಗೆ ಬೇಸರ. “ತಲೆ ನಿಮ್ಮದಲ್ಲವೇ ಮೇಡಂ?” ಎನ್ನುತ್ತಾರೆ. ನನ್ನದೇ. ಭಯವೂ ಅದಕ್ಕೇ.

ಲೇಯರ್ ಕಟ್, ಅಂದರೆ ಕೂದಲನ್ನು ಮೆಟ್ಟಿಲು ಮೆಟ್ಟಿಲಾಗಿ ಬೇರೆ ಬೇರೆ ಉದ್ದಕ್ಕೆ ಕತ್ತರಿಸುವುದು. ಅದರ ಕುರಿತು ಬುದ್ಧಿ ಹೇಳುವವರೆಲ್ಲ ಒಂದೇ ಷರತ್ತಿನಿಂದ ಆರಂಭಿಸುತ್ತಾರೆ: ಮೊದಲು ನಿಮ್ಮ ಕೂದಲು ಯಾವ ಬಗೆಯದೆಂದು ತಿಳಿದುಕೊಳ್ಳಿ. ಮಿಕ್ಕದ್ದೆಲ್ಲ ಅದರಿಂದ ತಾನೇ ಬರುತ್ತದಂತೆ. ತಿಳಿದುಕೊಳ್ಳಲು ಒಂದು ಪಟ್ಟಿಯೂ ಇದೆ. ಅಮೆರಿಕದ ಟಿವಿ ನಿರೂಪಕಿ ಓಪ್ರಾ ವಿನ್‌ಫ್ರೀ ಅವರ ಕೇಶ ವಿನ್ಯಾಸಕ ಆಂಡ್ರೆ ವಾಕರ್ 1990ರ ದಶಕದಲ್ಲಿ ಹುಟ್ಟುಹಾಕಿದ್ದು. 1 ಎಂದರೆ ನೇರ, 2 ಅಲೆಅಲೆ, 3 ಗುಂಗುರು, 4 ಬಿಗಿ ಗುಂಗುರು. ಈಗ ಎಲ್ಲೆಡೆ ಓಡಾಡುವ ರೂಪದಲ್ಲಿ ಪ್ರತಿಯೊಂದಕ್ಕೂ ಎ, ಬಿ, ಸಿ ಎಂಬ ಒಳಪಂಗಡಗಳಿವೆ. ಪಟ್ಟಿಯ ಮೇಲೆ ನನಗೆ ದ್ವೇಷವಿಲ್ಲ. ಆದರೆ ಒಂದು ತಲೆಗೆ ಒಂದೇ ಬಗೆಯ ಕೂದಲು ಎಂದು ಅದಕ್ಕೆ ಯಾರು ಹೇಳಿದರೋ ಕಾಣೆ. ನನ್ನ ನೆತ್ತಿಯ ಮೇಲೆ ಇರುವುದು ಶುದ್ಧ 1. ಕಿವಿಯ ಹಿಂದಕ್ಕೆ ಸರಿದರೆ 2. ಕತ್ತಿನ ಹತ್ತಿರ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ, ಎಂಥವರೂ ಆಸೆಪಡುವಂಥ 3. ಹಣೆಯ ಎಡಕ್ಕೆ ಒಂದು ಸುಳಿ ಇದೆ. ಅದು ಯಾವ ಪಂಗಡಕ್ಕೂ ಸೇರದ ಪಕ್ಷೇತರ. ಬೈತಲೆ ಎಡಕ್ಕೆ ತೆಗೆದರೆ ಬಲಕ್ಕೆ ವಾಲುತ್ತದೆ, ಬಲಕ್ಕೆ ತೆಗೆದರೆ ಎದ್ದು ನಿಲ್ಲುತ್ತದೆ.

ಸುರುಳಿಯ ವಿಷಯ ಹೀಗಾದರೆ, ಇನ್ನೆರಡು ಸಂಗತಿಗಳನ್ನು ಜನ ಒಂದೇ ಎಂದು ತಿಳಿದು ಕಲಸಿಬಿಡುತ್ತಾರೆ. ಒಂದು ಎಳೆಯ ದಪ್ಪ, ಇನ್ನೊಂದು ಕೂದಲಿನ ದಟ್ಟಣೆ. ಎಳೆ ನೂಲಿಗಿಂತ ತೆಳ್ಳಗಿದ್ದೂ ತಲೆತುಂಬ ಕೂದಲಿರುವವರಿದ್ದಾರೆ. ಎಳೆ ಗಡುಸಾಗಿದ್ದು ಬೈತಲೆಯುದ್ದಕ್ಕೂ ನೆತ್ತಿ ಕಾಣುವವರೂ ಇದ್ದಾರೆ. ಉದುರಿದ ಒಂದೇ ಒಂದು ಕೂದಲನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹೊಸೆದು ನೋಡಿ. ಏನೂ ತಾಗದಿದ್ದರೆ ಎಳೆ ತೆಳು, ದಾರದಂತೆ ತಾಗಿದರೆ ದಪ್ಪ. ದಟ್ಟಣೆಗೆ ಜುಟ್ಟು ಕಟ್ಟಿ ಹಿಡಿದು ನೋಡಿದರೆ ಸಾಕು. ಈ ಎರಡನ್ನೂ ಕೇಳದೆ “ನಿಮ್ಮದು ಥಿನ್ ಹೇರ್” ಎಂದು ತೀರ್ಪು ಕೊಡುವವರ ಕೈಯಲ್ಲಿ ಕತ್ತರಿ ಇರಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಕೂದಲು ಕಡಿಮೆ ಇರುವವರಿಗೆ ಮೇಲಿನಿಂದಲೇ ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿದರೆ ಕೆಳಗೆ ಉಳಿಯುವುದು ನಾಲ್ಕು ಎಳೆ. ಅಂಥವರಿಗೆ ತುದಿಯ ಭಾರ ಉಳಿಸಿ, ಮುಖದ ಸುತ್ತ ಒಂದಿಷ್ಟು ಕತ್ತರಿ ಆಡಿಸಿದರೆ ಸಾಕು. ದಟ್ಟವಾದ ನೇರ ಕೂದಲಿಗೆ ಗಿಡ್ಡ ಲೇಯರ್ ಹಾಕಿದರೆ ಕತ್ತರಿಯ ಗೆರೆ ಒಂದೊಂದೂ ಎಣಿಸುವಂತೆ ಎದ್ದು ಕಾಣುತ್ತದೆ. ಲೇಯರ್ ನಿಜಕ್ಕೂ ಬೇಕಾದದ್ದು ದಟ್ಟ ಗುಂಗುರಿಗೆ. ಇಲ್ಲದಿದ್ದರೆ ಅದು ಮೇಲೆ ಚಪ್ಪಟೆಯಾಗಿ, ಕೆಳಗೆ ಅಗಲವಾಗಿ ತ್ರಿಕೋನವಾಗುತ್ತದೆ. ಆದರೆ ಗುಂಗುರಿನವರಿಗೇ ಮೋಸ ಹೆಚ್ಚು. ಏಕೆಂದರೆ ಕತ್ತರಿಸುವುದು ಒದ್ದೆ ಮಾಡಿ.

ನನ್ನ ನಿಜವಾದ ತಕರಾರು ಇರುವುದು ಈ ಒದ್ದೆಯ ಬಗ್ಗೆ. ನೀರು ಬಿದ್ದ ಕೂದಲು ಕೂದಲಲ್ಲ, ಅದೊಂದು ಭರವಸೆ. ಎಳೆಯೊಳಗಿನ ಕೆರಟಿನ್ ಪ್ರೋಟೀನನ್ನು ಆಕಾರದಲ್ಲಿ ಹಿಡಿದಿಡುವ ಜಲಜನಕದ ಬಂಧಗಳು ನೀರಿನಲ್ಲಿ ಬಿಟ್ಟುಕೊಳ್ಳುತ್ತವೆ, ಒಣಗಿದಾಗ ಮತ್ತೆ ಕೂಡಿಕೊಳ್ಳುತ್ತವೆ. ಒದ್ದೆ ಎಳೆಯನ್ನು ಜಗ್ಗಿದರೆ ಮೂವತ್ತು ಪ್ರತಿಶತದವರೆಗೂ ಹಿಗ್ಗುತ್ತದೆ. ಬಾಚಣಿಗೆಯಿಂದ ಎಳೆದು, ಬೆರಳ ಸಂದಿಯಲ್ಲಿ ಬಿಗಿ ಹಿಡಿದು, ಭುಜದ ಮಟ್ಟಕ್ಕೆ ಸರಿಯಾಗಿ ಕತ್ತರಿಸಿದ ಗುಂಗುರು ಒಣಗಿದ ಮೇಲೆ ಎಲ್ಲಿಗೆ ಏರಿ ಕೂರುತ್ತದೆಂದು ಆ ಹೊತ್ತಿಗೆ ಕತ್ತರಿಗೂ ಗೊತ್ತಿಲ್ಲ, ಕನ್ನಡಕವಿಲ್ಲದ ನನಗೂ ಗೊತ್ತಿಲ್ಲ.

ಈ ಸಂಗತಿಯನ್ನು ನಮಗಿಂತ ಗಂಭೀರವಾಗಿ ತೆಗೆದುಕೊಂಡವನೊಬ್ಬ ಇದ್ದ. ಹೊರಾಸ್ ಬೆನೆಡಿಕ್ಟ್ ದ ಸೊಸ್ಯೂರ್, ಜಿನೀವಾದ ವಿಜ್ಞಾನಿ. ಮನುಷ್ಯನ ಕೂದಲು ಗಾಳಿಯ ತೇವಕ್ಕೆ ಉದ್ದವಾಗುತ್ತದೆ, ಒಣಹವೆಗೆ ಗಿಡ್ಡವಾಗುತ್ತದೆ ಎಂಬುದನ್ನೇ ಹಿಡಿದು ಅವನು ತೇವಾಂಶ ಅಳೆಯುವ ಉಪಕರಣ ಮಾಡಿದ. 1783ರಲ್ಲಿ ಆ ಬಗ್ಗೆ ದೊಡ್ಡ ಗ್ರಂಥವನ್ನೇ ಪ್ರಕಟಿಸಿದ. ಕೂದಲನ್ನು ಸೋಡಾ ನೀರಿನಲ್ಲಿ ಕುದಿಸಿ ಜಿಡ್ಡು ತೆಗೆದು, ಒಂದು ತುದಿಯನ್ನು ಭದ್ರವಾಗಿ ಕಟ್ಟಿ, ಇನ್ನೊಂದು ತುದಿಗೆ ಮುಳ್ಳನ್ನು ಜೋಡಿಸಿದ. ಪೂರ್ತಿ ಒಣಹವೆಯಿಂದ ಪೂರ್ತಿ ತೇವಕ್ಕೆ ಹೋಗುವಾಗ ಕೂದಲು ಹಿಗ್ಗುವುದು ಸುಮಾರು ಎರಡೂವರೆ ಪ್ರತಿಶತ ಮಾತ್ರ. ಆದರೆ ಮುಳ್ಳು ಅಷ್ಟಕ್ಕೇ ಓಡಾಡುತ್ತದೆ. ಇದೇನೂ ಆಟಿಕೆಯಲ್ಲ. ಇಪ್ಪತ್ತನೆಯ ಶತಮಾನದಲ್ಲೂ ಹವಾಮಾನ ಕೇಂದ್ರಗಳಲ್ಲಿ ಕೂದಲಿನ ಉಪಕರಣಗಳು ಕೆಲಸ ಮಾಡುತ್ತಿದ್ದವು. ಯಾರದೋ ತಲೆಯಿಂದ ಬಂದ ಎಳೆಗಳು ಮಳೆಯ ಮುನ್ಸೂಚನೆಗೆ ನೆರವಾಗುತ್ತಿದ್ದವು.

ಸೊಸ್ಯೂರ್ ಇಷ್ಟಕ್ಕೇ ನಿಲ್ಲುವ ಆಸಾಮಿಯಲ್ಲ. 1760ರಲ್ಲಿ, ಇಪ್ಪತ್ತರ ಹರೆಯದಲ್ಲಿ, ಆಲ್ಪ್ಸ್ ಪರ್ವತಸಾಲಿನ ಮೋಂಟ್ ಬ್ಲಾಂಕ್ ಶಿಖರಕ್ಕೆ ದಾರಿ ಕಂಡುಹಿಡಿದವರಿಗೆ ಬಹುಮಾನ ಕೊಡುವುದಾಗಿ ಸಾರಿದ್ದ. ಅದನ್ನು ಮೊದಲು ಏರಿದವರು ಬಾಲ್ಮಾ ಮತ್ತು ಪಕ್ಕಾರ್, ಅದೂ 1786ರಲ್ಲಿ. ಮರುವರ್ಷ, ನಲವತ್ತೇಳರ ವಯಸ್ಸಿನಲ್ಲಿ, ಸೇವಕನನ್ನೂ ಹದಿನೆಂಟು ಮಂದಿ ದಾರಿತೋರಕರನ್ನೂ ಕಟ್ಟಿಕೊಂಡು ಸೊಸ್ಯೂರ್ ಹೊರಟ. ಉಪಕರಣಗಳ ಹೊರೆಯಲ್ಲಿ ಕೂದಲಿನವೂ ಇದ್ದವು. 4,800 ಮೀಟರಿಗೂ ಎತ್ತರದ ಹಿಮದ ನೆತ್ತಿಯ ಮೇಲೆ ನಾಲ್ಕು ಗಂಟೆಗೂ ಹೆಚ್ಚು ಕಾಲ ಇದ್ದು, ಉಸಿರು ಸಾಲದೆ ಏದುತ್ತ, ಅಳತೆ ಬರೆದುಕೊಂಡ. ಇಪ್ಪತ್ತೇಳು ವರ್ಷ ಕಾದ ಶಿಖರ ಕಾಲಡಿಗೆ ಬಂದಾಗ ಅವನಿಗೆ ಆದದ್ದು ಸಂತೋಷಕ್ಕಿಂತ ಹೆಚ್ಚಾಗಿ ಸಿಟ್ಟು. ಒಂದು ಬಗೆಯ ಕೋಪದಿಂದಲೇ ಆ ಹಿಮವನ್ನು ತುಳಿದೆ ಎಂದು ಅವನೇ ಬರೆದಿದ್ದಾನೆ. ಈ ಒಂದು ಮಾತಿಗಾಗಿ ನನಗೆ ಅವನು ಬಲು ಇಷ್ಟ. ಬಹುಕಾಲ ಬಯಸಿದ್ದು ಕೈಗೆ ಬಂದಾಗ ಮುಖದ ಮೇಲೆ ನಗು ತಂದುಕೊಳ್ಳಲೇಬೇಕೆಂಬ ಒತ್ತಾಯ ಅವನಿಗಿರಲಿಲ್ಲ. ಕತ್ತರಿಸಿ ಮುಗಿದ ಮೇಲೆ ಕೈಗನ್ನಡಿ ಹಿಡಿದು “ಹಿಂದೆ ಹೇಗಿದೆ, ನೋಡಿ” ಎನ್ನುವವರ ಮುಂದೆ ನಮಗೆ ಆ ಸ್ವಾತಂತ್ರ್ಯ ಉಂಟೇ?

ಅಲ್ಲಿಗೂ ಮುಗಿಯಲಿಲ್ಲ. ಮರುವರ್ಷ ಮಗನೊಂದಿಗೆ ಇನ್ನೊಂದು ಕಣಿವೆಯ ನೆತ್ತಿಯಲ್ಲಿ, ಹಿಮದ ನಡುವೆ, ಎರಡು ವಾರಕ್ಕೂ ಹೆಚ್ಚು ಬಿಡಾರ ಹೂಡಿ ಅಳೆದ. ಈ ನಡುವೆ ಜಗಳವೂ ಆಯಿತು. ಅದೇ ಜಿನೀವಾದ ಜಾನ್ ಆಂಡ್ರೆ ದೆಲ್ಯುಕ್ ಎಂಬವನು ತೇವ ಅಳೆಯಲು ಮೊದಲು ದಂತವನ್ನೂ ಆಮೇಲೆ ತಿಮಿಂಗಿಲದ ಬಾಯಿಯ ಪಟ್ಟಿಯನ್ನೂ ಬಳಸಿದವನು. ಕೂದಲನ್ನು ನೆಚ್ಚುವಂತಿಲ್ಲ ಎಂಬುದು ಅವನ ವಾದ. ಕೂದಲೇ ಸರಿ ಎಂಬುದು ಸೊಸ್ಯೂರನದು. ಇಬ್ಬರು ವಿದ್ವಾಂಸರು ಊರೆಲ್ಲ ಓದುವಂತೆ ಬರೆದು ಕಾದಾಡಿದರು. ವಿಜ್ಞಾನದ ಮಟ್ಟಿಗೆ ಯಾರು ಗೆದ್ದರೋ ಬೇರೆ ಮಾತು. ನನ್ನ ಮತ ದೆಲ್ಯುಕ್‌ಗೆ. ಕೂದಲನ್ನು ನೆಚ್ಚುವಂತಿಲ್ಲ.

ಏಕೆಂದರೆ ಸೊಸ್ಯೂರನ ಕೂದಲು ತೇವಕ್ಕೆ ಉದ್ದವಾಗುತ್ತಿತ್ತು, ನನ್ನದು ಗಿಡ್ಡವಾಗುತ್ತದೆ. ಇದರಲ್ಲಿ ವಿರೋಧವೇನೂ ಇಲ್ಲ. ಎಳೆ ಕೂದಲೆಳೆಯಷ್ಟು ಹಿಗ್ಗಿದರೂ, ಡ್ರೈಯರ್ ಹಿಡಿದು ನೇರಗೊಳಿಸಿದ್ದ ಬಂಧಗಳು ತೇವ ತಾಗಿದ ಕೂಡಲೇ ಕಳಚಿ ಅಲೆ ತನ್ನ ಹಳೆಯ ಜಾಗಕ್ಕೆ ಮರಳುತ್ತದೆ. ಅವನು ಕೂದಲಿಗೆ ತೂಕ ಕಟ್ಟಿ ಬಿಗಿಯಾಗಿ ಇಳಿಬಿಟ್ಟಿದ್ದ. ನನಗೆ ಯಾರೂ ತೂಕ ಕಟ್ಟಿಕೊಡುವುದಿಲ್ಲ. ಇದ್ದ ತೂಕವನ್ನೇ ಲೇಯರ್ ಹೆಸರಿನಲ್ಲಿ ಇಳಿಸಿ ಕಳಿಸುತ್ತಾರೆ.

ಆ ಡ್ರೈಯರಿನ ಬಗ್ಗೆ ಇಷ್ಟು ಹೇಳಬೇಕು. ಕತ್ತರಿಸಿದ ಕೂಡಲೇ ಎರಡು ಕೈ, ಒಂದು ಗುಂಡು ಬ್ರಷ್, ಬಿಸಿಗಾಳಿ, ಕೊನೆಗೊಂದು ಹನಿ ಸೀರಮ್ ಸೇರಿ ತಲೆಯನ್ನು ಒಪ್ಪ ಮಾಡುತ್ತವೆ. ನಾವು ಮೆಚ್ಚುವುದು ಆ ಕೈಗಳನ್ನು, ಕತ್ತರಿಗಲ್ಲ ಆ ಶ್ರೇಯ. 1990ರ ದಶಕದ ಮಧ್ಯದಲ್ಲಿ ಜೆನಿಫರ್ ಆನಿಸ್ಟನ್ ಅವರ ಲೇಯರ್ ಕಟ್ ಜಗತ್ತನ್ನೇ ಸುತ್ತಿತು, ಟಿವಿಯಲ್ಲಿ ಅವರು ಮಾಡುತ್ತಿದ್ದ ಪಾತ್ರದ ಹೆಸರೇ ಅದಕ್ಕೆ ಬಿತ್ತು. ಎಲ್ಲ ದೇಶದ ಹೆಂಗಸರೂ ಆ ಚಿತ್ರ ಹಿಡಿದು ಕುರ್ಚಿ ಹತ್ತಿದರು. ಆನಿಸ್ಟನ್ ಮಾತ್ರ, ಅದು ತಮಗೆ ಹಿಡಿಸಿರಲಿಲ್ಲ, ಕತ್ತರಿಸಿದ ಕ್ರಿಸ್ ಮ್ಯಾಕ್‌ಮಿಲನ್ ಪಕ್ಕದಲ್ಲಿಲ್ಲದಿದ್ದರೆ ತಮ್ಮಿಂದ ಅದನ್ನು ಸಂಭಾಳಿಸಲು ಆಗುತ್ತಿರಲಿಲ್ಲ ಎಂದು ಆಮೇಲೆ ಹೇಳಿಕೊಂಡರು. ಅಸಲಿ ತಲೆಗೇ ಒಗ್ಗದ್ದನ್ನು ನಕಲಿ ತಲೆಗಳು ವರ್ಷಗಟ್ಟಲೆ ಹೊತ್ತವು. ಕೂದಲಿನ ಬಗೆಗೆ ತಕ್ಕಂತೆ ಎಂದು ಹಾಡುವವರು ‘ಬೆಳಗ್ಗೆ ನಿಮಗೆ ಎಷ್ಟು ನಿಮಿಷ ಪುರಸೊತ್ತಿದೆ’ ಎಂದು ಯಾಕೆ ಕೇಳುವುದಿಲ್ಲವೋ ಕಾಣೆ. ಬಾಚಿ, ಒಂದು ರಬ್ಬರ್ ಹಾಕಿ ಓಡುವವರು ಪಟ್ಟಿಯ ಯಾವ ಅಂಕಿಗೆ ಸೇರಿದರೂ ಅಷ್ಟೆ, ಅವರಿಗೆ ಉದ್ದ ಲೇಯರೇ ಗತಿ.

“ಬೆಳೆಯುತ್ತದೆ ಬಿಡಿ ಮೇಡಂ” ಎಂಬ ಸಮಾಧಾನ ಇನ್ನೊಂದು. ಬೆಳೆಯುತ್ತದೆ, ತಿಂಗಳಿಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್. ಗದ್ದದ ಬಳಿ ನಿಂತ ಎಳೆ ಹದಿನೈದು ಸೆಂಟಿಮೀಟರ್ ಕೆಳಗಿರುವ ತುದಿಯನ್ನು ಹಿಡಿಯಲು ಒಂದು ವರ್ಷಕ್ಕೂ ಹೆಚ್ಚು ಬೇಕು, ಅದೂ ತುದಿ ಅಲ್ಲಿಯೇ ನಿಂತು ಕಾಯ್ದರೆ. ಅದು ಕಾಯುವುದಿಲ್ಲ, ಅದೂ ಬೆಳೆಯುತ್ತದೆ. ಆದ್ದರಿಂದ ಅದನ್ನು ಆಗಾಗ ಕತ್ತರಿಸುತ್ತಿರಬೇಕು. ಕತ್ತರಿಸಿದರೆ ಬೇಗ ಬೆಳೆಯುತ್ತದೆ ಎಂದು ಅದೇ ಕುರ್ಚಿಯ ಹಿಂದೆ ನಿಂತು ಹೇಳುತ್ತಾರೆ. ಅದು ಸುಳ್ಳು. ಬೆಳವಣಿಗೆ ನಡೆಯುವುದು ಬುಡದಲ್ಲಿ, ತುದಿಯಲ್ಲಿ ಏನು ನಡೆಯಿತೆಂಬ ಸುದ್ದಿ ಬುಡಕ್ಕೆ ಹೋಗುವ ದಾರಿಯೇ ಇಲ್ಲ.

ಒಣ ಕೂದಲನ್ನೇ, ಒಂದೊಂದು ಸುರುಳಿಯನ್ನೂ ಅದಿರುವ ಜಾಗದಲ್ಲೇ ನೋಡಿ ಕತ್ತರಿಸುವವರಿದ್ದಾರೆ. ಗುಂಗುರಿನವರು ಅಂಥವರನ್ನು ಹುಡುಕಿಕೊಂಡು ಹೋಗುತ್ತಾರೆ. ನಾನೂ ಕೇಳಿ ನೋಡಿದೆ. “ನಿಮ್ಮದು ಗುಂಗುರಲ್ಲವಲ್ಲ” ಎಂದರು. ಕತ್ತಿನ ಬಳಿಯದನ್ನು ಎತ್ತಿ ತೋರಿಸಿದೆ. “ಅದೊಂದು ಹೌದು” ಎಂದು ಒಪ್ಪಿಕೊಂಡು ಮಿಕ್ಕದ್ದಕ್ಕೆ ನೀರು ಚಿಮುಕಿಸಿದರು. ಸದ್ಯಕ್ಕೆ ಜುಟ್ಟು ಕಟ್ಟಿಕೊಂಡು ಓಡಾಡುತ್ತಿದ್ದೇನೆ. ಕಿವಿಯ ಪಕ್ಕದ ಲೇಯರ್ ಮಾತ್ರ ರಬ್ಬರಿಗೆ ಸಿಗುವುದಿಲ್ಲ. ಎಡಕ್ಕೆ ಒಂದು ಕ್ಲಿಪ್, ಬಲಕ್ಕೆ ಒಂದು, ಸುಳಿಗೆ ಇನ್ನೊಂದು ಬೇಕಾಗುತ್ತದೆ.