ಅಜ್ಜಿಯ ಪಿಂಚಣಿ ಬಂತಾ ಎಂದು ಯಾರೂ ಕೇಳಲಿಲ್ಲ

ಇಂಟರ್ನ್‌ಶಿಪ್ ಮುಗಿದು ಎರಡು ತಿಂಗಳಾಯಿತು. ಒಳ್ಳೆಯ ಅಂಕವೂ ಬಂತು. ಆದರೂ ಒಂದು ವಿಷಯ ಮನಸ್ಸಿನಿಂದ ಹೋಗುತ್ತಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಾನು ಹಾವೇರಿ ಕಡೆಯವಳು. ಮಂಗಳೂರಿನಲ್ಲಿ ಬಿ.ಎಸ್.ಡಬ್ಲ್ಯೂ. (ಸಮಾಜಕಾರ್ಯ ಪದವಿ) ಕೊನೆಯ ವರ್ಷ. ನವೆಂಬರಿನಲ್ಲಿ ನಾಲ್ಕು ವಾರ ನನ್ನನ್ನು ಬೀಡಿ ಕಟ್ಟುವ ಹೆಂಗಸರ ಜೊತೆ ಕೆಲಸ ಮಾಡುವ ಒಂದು ಸಂಸ್ಥೆಗೆ ಹಾಕಿದ್ದರು. ದಿನಾ ಬೆಳಿಗ್ಗೆ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಬಸ್ ಹತ್ತಿ ಫರಂಗಿಪೇಟೆಯಲ್ಲಿ ಇಳಿಯುವುದು, ಅಲ್ಲಿಂದ ಒಳಗೆ ನಡೆಯುವುದು. ಕೆಲಸ ಎಂದರೆ ಸರ್ವೆ. ಮನೆಯಲ್ಲಿ ಎಷ್ಟು ಜನ, ದಿನಕ್ಕೆ ಎಷ್ಟು ಬೀಡಿ, ಬೆನ್ನು ನೋವು ಇದೆಯಾ, ಸಾಲ ಎಷ್ಟು. ಒಂದು ಮನೆಗೆ ಮುಕ್ಕಾಲು ಗಂಟೆ ಬೇಕು.

ಮೂರನೇ ದಿನ ಒಬ್ಬರು ಅಜ್ಜಿ ಸಿಕ್ಕಿದರು. ಜಗಲಿಯಲ್ಲಿ ಕಾಲು ಚಾಚಿ, ಮಡಿಲಲ್ಲಿ ಮೊರ ಇಟ್ಟುಕೊಂಡು ಕೂತಿದ್ದರು. ನಾನು ಫಾರ್ಮ್ ತೆಗೆದ ಕೂಡಲೇ ತುಳುವಿನಲ್ಲಿ ಏನೋ ಹೇಳಿದರು. ಸೊಸೆ ಕನ್ನಡದಲ್ಲಿ ಹೇಳಿದರು: "ಹೋದ ವರ್ಷವೂ ಇಬ್ಬರು ಹುಡುಗಿಯರು ಬಂದಿದ್ದರಂತೆ. ಇದನ್ನೇ ಕೇಳಿದ್ದಂತೆ. ಅವರು ಮತ್ತೆ ಯಾಕೆ ಬರಲಿಲ್ಲ ಅಂತ ಕೇಳ್ತಾ ಇದ್ದಾರೆ."

ಅಜ್ಜಿಗೆ ಸಿಟ್ಟು ಇರಲಿಲ್ಲ. ಕೈ ಬೀಡಿ ಕಟ್ಟುತ್ತಲೇ ಇತ್ತು. ಆದರೆ ನನಗೆ ಉತ್ತರ ಗೊತ್ತಿರಲಿಲ್ಲ. ಪೆನ್ನು ಹಿಡಿದುಕೊಂಡು ಸುಮ್ನೆ ಕೂತೆ.

ಆ ಹುಡುಗಿಯರಿಗೆ ಅಜ್ಜಿ ತಮ್ಮ ಕಷ್ಟ ಹೇಳಿಕೊಂಡಿದ್ದರಂತೆ. ಅಜ್ಜಿಯ ಪಿ.ಎಫ್. (ಭವಿಷ್ಯ ನಿಧಿ) ಪಿಂಚಣಿ ನಿಂತುಹೋಗಿತ್ತು. ಮನೆಯಲ್ಲೇ ಕೂತು ಬೀಡಿ ಕಟ್ಟುವವರಿಗೂ ಪಿ.ಎಫ್. ಸಿಗಬೇಕು ಎಂದು ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿದೆ. ಹತ್ತು ವರ್ಷ ಸರ್ವಿಸ್ ಇದ್ದರೆ 58 ತುಂಬಿದ ಮೇಲೆ ಪಿಂಚಣಿ. 2014ರಿಂದ ಅದರ ಕನಿಷ್ಠ ಮೊತ್ತ ತಿಂಗಳಿಗೆ 1,000 ರೂಪಾಯಿ. ಈ ಕಾಲದಲ್ಲಿ ಸಾವಿರ ಏನೂ ಅಲ್ಲ ಅನ್ನಿಸಬಹುದು. ಆ ಮನೆಯಲ್ಲಿ ಅದು ಅಜ್ಜಿಯ ಬಿಪಿ ಮಾತ್ರೆಯ ದುಡ್ಡು. ಯಾರ ಹತ್ತಿರವೂ ಕೈ ಚಾಚದೆ ಬರುವ ದುಡ್ಡು.

ನಿಂತದ್ದು ಯಾಕೆ ಗೊತ್ತಾ? ಬದುಕಿದ್ದೇನೆ ಎಂದು ವರ್ಷಕ್ಕೊಮ್ಮೆ ಜೀವನ ಪ್ರಮಾಣ ಪತ್ರ ಕೊಡಬೇಕು. ಅದಕ್ಕೆ ಸಾಮಾನ್ಯವಾಗಿ ಬೆರಳಚ್ಚು ಕೇಳುತ್ತಾರೆ. ಅಜ್ಜಿಯ ಬೆರಳನ್ನು ಮೆಷಿನ್ ಹಿಡಿಯಲೇ ಇಲ್ಲ. ನೆನೆಸಿದ ಎಲೆ ಕತ್ತರಿಸಿ, ತಂಬಾಕು ತುಂಬಿ, ಸುರುಳಿ ಸುತ್ತಿ, ನೂಲು ಕಟ್ಟಿ, ನಲವತ್ತು ವರ್ಷ ಹೀಗೇ ದುಡಿದ ಬೆರಳು ಅದು. ನಾನು ಮುಟ್ಟಿ ನೋಡಿದೆ. ತುದಿ ಪೂರ್ತಿ ನುಣ್ಣಗಾಗಿತ್ತು. ಯಾವ ಕೆಲಸದಿಂದ ಪಿಂಚಣಿ ಬಂತೋ ಅದೇ ಕೆಲಸ ಬೆರಳಿನ ಗೆರೆಗಳನ್ನು ಸವೆಸಿತ್ತು. ಎರಡು ಸಲ ಆಟೋ ಮಾಡಿಕೊಂಡು ಹೋಗಿ ಬರಿಗೈಯಲ್ಲಿ ಬಂದ ಮೇಲೆ ಮನೆಯವರು ಕೈಬಿಟ್ಟಿದ್ದರು.

ಬೆರಳಿನ ಬದಲು ಮುಖ ತೋರಿಸಿಯೂ ಇದನ್ನು ಮಾಡಬಹುದು. ಕೆಲವು ವರ್ಷಗಳಿಂದಲೇ ಆ ವ್ಯವಸ್ಥೆ ಇದೆ. ಸಂಸ್ಥೆಯ ಅಕ್ಕನೊಬ್ಬರು ಹೇಳಿಕೊಟ್ಟರು. ಫೋನಿಗೆ ಜೀವನ್ ಪ್ರಮಾಣ್ ಆ್ಯಪ್ ಹಾಕಬೇಕು, ಜೊತೆಗೆ ಆಧಾರ್ ಫೇಸ್ ಆರ್‌ಡಿ ಎಂಬ ಇನ್ನೊಂದು ಆ್ಯಪ್. ಪಿಂಚಣಿ ಆದೇಶದ ನಂಬರು, ಅಂದರೆ ಪಿಪಿಒ ನಂಬರು ಬೇಕು. ಅದನ್ನು ಹುಡುಕಲಿಕ್ಕೇ ನಮಗೆ ಎರಡು ದಿನ ಹಿಡಿಯಿತು. ಕೊನೆಗೆ ದೇವರ ಫೋಟೋದ ಹಿಂದೆ ಪ್ಲಾಸ್ಟಿಕ್ ಚೀಲದಲ್ಲಿ ಸಿಕ್ಕಿತು. ಒಳಗೆ ಬೆಳಕು ಸಾಲದು ಎಂದು ಅಜ್ಜಿಯನ್ನು ಅಂಗಳದಲ್ಲಿ ಕೂರಿಸಿದೆವು. ಕಣ್ಣು ಮಿಟುಕಿಸಿ ಅಂದರೆ ಅಜ್ಜಿ ಗಟ್ಟಿಯಾಗಿ ಮುಚ್ಚಿಕೊಂಡೇ ಬಿಡುತ್ತಿದ್ದರು. ಐದನೇ ಸಲಕ್ಕೆ ಆಯಿತು. ಸೊಸೆ ಅತ್ತುಬಿಟ್ಟರು. ನಾನೂ ಅತ್ತೆ.

ಇಷ್ಟಾಗುವಾಗ ನನ್ನ ನಾಲ್ಕು ವಾರ ಮುಗಿದಿತ್ತು. ಅಜ್ಜಿಯಿಂದ ಶುರುವಾದದ್ದು ನೋಡಿ ಅಕ್ಕಪಕ್ಕದ ಮನೆಯವರೂ ಕಾಗದ ಹಿಡಿದುಕೊಂಡು ಬಂದರು. ಒಬ್ಬರ ಹೆಸರು ಆಧಾರಿನಲ್ಲಿ ಒಂದು ರೀತಿ, ಪಿ.ಎಫ್. ದಾಖಲೆಯಲ್ಲಿ ಇನ್ನೊಂದು ರೀತಿ. ಇನ್ನೊಬ್ಬರದು ಹುಟ್ಟಿದ ದಿನಾಂಕ ತಪ್ಪು. ಇವೆಲ್ಲ ಒಂದು ವಾರದಲ್ಲಿ ಸರಿಯಾಗುವ ಕೆಲಸಗಳಲ್ಲ.

ಕಾಲೇಜಿನಲ್ಲಿ ಮಾತ್ರ ಕೇಳಿದ್ದು ಎಷ್ಟು ಮನೆ ಸರ್ವೆ ಆಯಿತು, ಗ್ರಾಫ್ ಹಾಕಿದ್ದೀಯಾ, ರಿಪೋರ್ಟ್ ಎಷ್ಟು ಪುಟ ಎಂದು. ಆ ಅಜ್ಜಿಯ ಪಿಂಚಣಿ ಬಂತಾ ಎಂದು ಯಾರೂ ಕೇಳಲಿಲ್ಲ. ನನಗೆ ಬೇಸರವಾಗಿದ್ದು ಇದಕ್ಕೇ. ಸಂಸ್ಥೆಯವರನ್ನು ನಾನು ದೂರುವುದಿಲ್ಲ. ಇರುವ ಮೂವರೇ ಅಷ್ಟು ಊರು ಸುತ್ತುತ್ತಾರೆ, ಹಣ ಕೊಡುವವರು ಸರ್ವೆ ಕೇಳಿದರೆ ಸರ್ವೆ ಮಾಡಲೇಬೇಕು. ಆದರೆ ಪ್ರತಿ ವರ್ಷ ಹೊಸ ಹುಡುಗರು ಹೋಗಿ ಅದೇ ಪ್ರಶ್ನೆ ಕೇಳುವುದು ಸರಿಯಲ್ಲ. ಅವರು ಬೀಡಿ ಲೆಕ್ಕದಲ್ಲಿ ಕೂಲಿ ಪಡೆಯುವವರು. ನಮಗೆ ಕೊಡುವ ಮುಕ್ಕಾಲು ಗಂಟೆ ಅವರ ಸಂಪಾದನೆಯಿಂದ ಹೋಗುತ್ತದೆ, ಅಲ್ವಾ?

ನೂರು ಮನೆ ಬೇಡ, ಒಬ್ಬ ವಿದ್ಯಾರ್ಥಿಗೆ ಐದು ಮನೆ ಕೊಡಿ. ಅವರ ಒಂದೊಂದು ಕಾಗದದ ಕೆಲಸ ಹಿಡಿದು ಕೊನೆಯವರೆಗೆ ಓಡಾಡಲಿ. ಮುಗಿಯದಿದ್ದರೆ ಒಂದು ನೋಟ್‌ಬುಕ್‌ನಲ್ಲಿ ಬರೆದು ಜೂನಿಯರ್ ಕೈಗೆ ಕೊಡಲಿ. ಮುಂದಿನ ವರ್ಷ ಅವರು ಅದೇ ಮನೆಗೆ ಹೋಗಲಿ. ಅದಕ್ಕೆ ಅಂಕ ಕೊಡಿ. ನಾನು ನಮ್ಮ ಮೇಡಂ ಹತ್ತಿರ ಇದನ್ನು ಹೇಳಿದ್ದೇನೆ. ಬರೆದುಕೊಡು, ನೋಡೋಣ ಎಂದಿದ್ದಾರೆ. ಬರೆದು ಕೊಟ್ಟಿದ್ದೇನೆ.

ಅಜ್ಜಿಯ ಪಿಂಚಣಿ ಬಾಕಿ ಸಮೇತ ಜನವರಿಯಲ್ಲಿ ಬಂತು. ಹೆಸರು ವ್ಯತ್ಯಾಸದ ಕೆಲಸ ಇನ್ನೂ ಆಗಿಲ್ಲ. ಈ ಶನಿವಾರ ಮತ್ತೆ ಹೋಗುತ್ತಿದ್ದೇನೆ. ಫರಂಗಿಪೇಟೆ, ಬಿ.ಸಿ.ರೋಡ್ ಕಡೆ ನಿಮ್ಮ ಮನೆಯಲ್ಲೂ ಬೆರಳಚ್ಚು ಬಾರದೆ ಪಿಂಚಣಿ ನಿಂತ ಅಮ್ಮನೋ ಅಜ್ಜಿಯೋ ಇದ್ದರೆ ಮೆಸೇಜ್ ಮಾಡಿ. ಪಿಪಿಒ ನಂಬರು ಹುಡುಕಿಡಿ, ನಾನು ಬರುತ್ತೇನೆ.